ತಾಮ್ರಕಾರರ ಬಲಗಣ್ಣು

ತೇಜಮಾಯಾಳಿಗೆ ಎರಡು ಸಲ ಮದುವೆಯಾಗಿತ್ತು. ಮೊದಲನೆಯದು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಓಣಿಯ ಎಲ್ಲ ಹುಡುಗಿಯರಿಗೂ ಆಗುವಂತೆ, ಬಿಲ್ವದ ಕಾಯಿಯ ಜೊತೆ. ಎರಡನೆಯದು ಜುಜುಮಾನ್ ತಾಮ್ರಕಾರನ ಜೊತೆ. ಕಾಯಿಗೆ ಸಾವಿಲ್ಲ, ಆದ್ದರಿಂದ ನೇವಾರರ ಹೆಣ್ಣಿಗೆ ವೈಧವ್ಯವೂ ಇಲ್ಲ ಎಂಬುದು ನೇಪಾಳದ ಪಾಟನ್ನಿನ ಹಿರಿಯರ ಮಾತು. ಜುಜುಮಾನ್ ಸತ್ತ ಮಾಘದಲ್ಲಿ ಓಣಿಯ ಹೆಂಗಸರು ಅದನ್ನೇ ಹೇಳಿ ಸಮಾಧಾನ ಮಾಡಲು ಬಂದರು.

"ನೀನು ಮುಂಡೆ ಅಲ್ಲ ಕಣೆ. ನಿನ್ನ ಬಿಲ್ವದ ಕಾಯಿ ಪೆಟ್ಟಿಗೇಲಿ ಗಟ್ಟಿಮುಟ್ಟಾಗಿದೆಯಲ್ಲ."

"ಅದು ಸುತ್ತಿಗೆ ಹಿಡಿಯುತ್ತಾ? ಚಳಿಗಾಲದಲ್ಲಿ ಪಕ್ಕದಲ್ಲಿ ಮಲಗಿ ಕೆಮ್ಮುತ್ತಾ?" ಎಂದಳು ತೇಜಮಾಯಾ.

ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಅವಳ ಬದುಕೆಲ್ಲ ಆ ಓಣಿಯಲ್ಲೇ ಕಳೆದಿತ್ತು. ಬೆಳಗಾದರೆ ಮನೆಮನೆಯಿಂದ ಸುತ್ತಿಗೆಯ ಸದ್ದು. ಜುಜುಮಾನ್ ತಗಡು ಬಡಿದು ಕೊಡ ಎಬ್ಬಿಸುತ್ತಿದ್ದ, ಅವಳು ಹುಳಿ ಬೂದಿ ಹಾಕಿ ಉಜ್ಜಿ ಹೊಳಪು ತರುತ್ತಿದ್ದಳು. ಮಕ್ಕಳಾಗಲಿಲ್ಲ. ಅವನು ಅದಕ್ಕಾಗಿ ಒಂದು ದಿನವೂ ಅವಳನ್ನು ಆಡಿಕೊಳ್ಳಲಿಲ್ಲ. ಮಾತು ಕಡಿಮೆ, ನಗು ಜಾಸ್ತಿ ಇದ್ದ ಮನುಷ್ಯ.

ಆ ಮನೆಯ ಹೆಸರಿಗೂ ಒಂದು ಕತೆ. ಮುತ್ತಜ್ಜನ ಕಾಲಕ್ಕೆ ಜನ ಅವರನ್ನು ತಾಮೋಟರು ಎನ್ನುತ್ತಿದ್ದರು. ಅಪ್ಪನ ಕಾಲಕ್ಕೆ ಶಾಲೆಯ ಮೇಷ್ಟ್ರು ಅದನ್ನು ತಿದ್ದಿ ತಾಮ್ರಕಾರ ಎಂದು ಬರೆದರು. ಹೆಸರು ಉದ್ದವಾಯಿತು, ಕೆಲಸ ಅದೇ ಉಳಿಯಿತು. ಆದರೆ ಜುಜುಮಾನನ ತಮ್ಮ ಹರ್ಷಮಾನ್ ಅದನ್ನು ಇನ್ನೊಂದು ಸಲ ತಿದ್ದಿದ. ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಕೊಡಗಳ ಹೊರೆ ಹೊತ್ತು ಮೂಡಣದ ಬೆಟ್ಟ ಹತ್ತಿ ಭೋಜಪುರದ ಪೇಟೆಗೆ ಹೋದ. ಅಲ್ಲಿ ಕಠ್ಮಂಡು ಕಣಿವೆಯಿಂದ ಬಂದ ನೇವಾರನೆಂದರೆ ಮನೆತನದ ಹೆಸರು ಶ್ರೇಷ್ಠ. ಗಾಣದವನೂ ಶ್ರೇಷ್ಠ, ಮಡಕೆಯವನೂ ಶ್ರೇಷ್ಠ, ತರಕಾರಿ ಬೆಳೆಯುವವನೂ ಶ್ರೇಷ್ಠ. ಡಾರ್ಜಿಲಿಂಗಿನಲ್ಲೂ ಸಿಕ್ಕಿಮಿನಲ್ಲೂ ಹಾಗೇ. ಕಣಿವೆಯಲ್ಲಿ ಮಾತ್ರ ಅದು ಅರಮನೆಯಲ್ಲಿ ಅಧಿಕಾರ ಮಾಡಿದವರ ಮನೆಯ ಹೆಸರು. ಹರ್ಷಮಾನನೂ ಶ್ರೇಷ್ಠನಾಗಿ ಬಟ್ಟೆ ಅಂಗಡಿ ಹಾಕಿದ.

"ಬೆಟ್ಟ ಹತ್ತಿದರೆ ನಮಗೆಲ್ಲ ದಮ್ಮು ಏರುತ್ತೆ, ಇವನಿಗೆ ಜಾತಿ ಏರಿತು ನೋಡು," ಎಂದು ಜುಜುಮಾನ್ ನಕ್ಕಿದ್ದ. ಕೋಪವೇನೂ ಇರಲಿಲ್ಲ. ದೂರದಲ್ಲಿ ಹೊಟ್ಟೆಪಾಡಿಗೆ ಇಟ್ಟುಕೊಂಡ ಹೆಸರು ಎಂದುಕೊಂಡಿದ್ದ.

ಹರ್ಷಮಾನ್ ದುಡ್ಡು ಮಾಡಿಕೊಂಡು ಕಠ್ಮಂಡುವಿಗೆ ಬಂದು ಮನೆ ಕಟ್ಟಿಸಿದ. ಬೆಟ್ಟ ಇಳಿದರೂ ಹೆಸರು ಇಳಿಯಲಿಲ್ಲ. ನಡುವೆ ಇದ್ದದ್ದು ಬಾಗಮತಿ ನದಿ, ಅದರ ಮೇಲೊಂದು ಸೇತುವೆ. ಆ ಸೇತುವೆ ದಾಟಿ ಅವನು ಅಣ್ಣನ ಮನೆಗೆ ಬರಲಿಲ್ಲ.

ಅವನ ಮಗನಿಗೆ ಕಠ್ಮಂಡುವಿನ ಹಳೆಯ ಶ್ರೇಷ್ಠರ ಮನೆಯ ಹುಡುಗಿ ಗೊತ್ತಾದಳು. ಹುಡುಗಿಯ ಓದು ಮುಗಿದ ಮೇಲೆ ಮದುವೆ, ಸದ್ಯಕ್ಕೆ ಅಡಿಕೆ ಕೊಡುವ ಶಾಸ್ತ್ರ ಎಂದು ಯಾರೋ ಹೇಳಿದರು. ಜುಜುಮಾನ್ ಅಂದೇ ಒಂದು ಕೊಡಕ್ಕೆ ಕೈ ಹಾಕಿದ. ಕೊರಳ ಸುತ್ತ ಕಮಲದ ಎಸಳು ಎಬ್ಬಿಸಿದ. ತೇಜಮಾಯಾ ಅದನ್ನು ಮುಖ ಕಾಣುವಷ್ಟು ಉಜ್ಜಿದಳು.

"ಕರೆ ಬಂದಿಲ್ಲವಲ್ಲ," ಎಂದಳು.

"ಮನೆಯವರಿಗೆ ಕರೆ ಯಾಕೆ?" ಎಂದ ಅವನು.

ಇಬ್ಬರೂ ಹೋದರು. ಛತ್ರದ ಬಾಗಿಲಲ್ಲಿ ಅಣ್ಣನನ್ನು ಕಂಡು ಹರ್ಷಮಾನನ ಮುಖ ಸುಟ್ಟ ಹಪ್ಪಳವಾಯಿತು. ಹುಡುಗಿಯ ಅಜ್ಜಿ ಅಲ್ಲೇ ನಿಂತಿದ್ದಳು. ಕೊಡದ ಮೇಲೆ ಕೈಯಾಡಿಸಿ, "ಒಳ್ಳೇ ಕೆಲಸ. ಯಾರು ಇವರು?" ಎಂದು ಕೇಳಿದಳು.

"ನಮ್ಮ ಮನೆಗೆ ಪಾತ್ರೆ ಬಡಿದು ಕೊಡೋರು. ಹಳಬರು," ಎಂದ ಹರ್ಷಮಾನ್. ಬಡಿಸುವವನ ಕಡೆ ತಿರುಗಿ, "ಇವರಿಬ್ಬರಿಗೂ ಹೊರಗೆ ಎಲೆ ಹಾಕು," ಎಂದ.

ಒಳಗೆ ಉದ್ದ ಚಾಪೆಯ ಮೇಲೆ ಎಲ್ಲರೂ ಹಿರಿತನದ ಸಾಲಿನಲ್ಲಿ ಕೂತಿದ್ದರು. ಸಾಲಿನ ತಲೆಯಲ್ಲಿ ಕೂರಬೇಕಾದವನು ಜಗಲಿಯ ಮೇಲೆ, ಜನ ಬಿಟ್ಟ ಚಪ್ಪಲಿಗಳ ಪಕ್ಕ ಕೂತ. ತೇಜಮಾಯಾ ಎಲೆ ಮುಟ್ಟಲಿಲ್ಲ. ಜುಜುಮಾನ್ ಒಂದು ಅಗುಳು ಬಿಡದೆ ಉಂಡ. ಅನ್ನ ಏನು ತಪ್ಪು ಮಾಡಿದೆ ಎಂದ. ಬರುವಾಗ ಸೇತುವೆಯ ಮೇಲೆ ನಿಂತು, "ಅವನು ಬೇಕು ಅಂತ ಹೇಳಿದ್ದಲ್ಲ ಬಿಡೆ. ಬಾಯಿ ತಪ್ಪಿ ಬಂತು," ಎಂದ. ಆಮೇಲೆ ಅವನ ಸುತ್ತಿಗೆ ನೆಟ್ಟಗೆ ಬೀಳಲಿಲ್ಲ. ತಗಡಿಗೆ ಬೀಳುವ ಏಟು ಬೆರಳಿಗೆ ಬೀಳತೊಡಗಿತು. ಚಳಿ ಬಂತು, ಕೆಮ್ಮು ಬಂತು, ಮಾಘದಲ್ಲಿ ಹೋದ.

ಗಂಡು ಮಕ್ಕಳಿಲ್ಲದವನಿಗೆ ತಮ್ಮ ಬೆಂಕಿ ಕೊಡಬೇಕು. ಹೇಳಿ ಕಳಿಸಿದರು. ಸೊಂಟ ಹಿಡಿದುಕೊಂಡಿದೆ ಎಂದು ಹರ್ಷಮಾನ್ ಬರಲಿಲ್ಲ. ದಾಯಾದಿಗಳಲ್ಲಿ ವಯಸ್ಸಿನಲ್ಲಿ ಅವನ ನಂತರದವನಾದ ಗ್ಯಾನುಕಾಜಿ ಬೆಂಕಿ ಕೊಟ್ಟು ಬಂದ. ಸೂತಕದ ದಿನಗಳಲ್ಲೇ ಹರ್ಷಮಾನ್ ತಲೆ ಬೋಳಿಸದೆ, ಬಿಳಿ ಉಡದೆ, ಬೀಗರ ಮನೆಯ ಔತಣದಲ್ಲಿ ಕೂತು ಮಾಂಸ ತಿಂದನಂತೆ. ಬಿಳಿ ಉಟ್ಟರೆ ಸತ್ತವರು ಯಾರು ಎಂದು ಕೇಳುತ್ತಿದ್ದರಲ್ಲ.

ಆ ಸುದ್ದಿ ತಂದವಳಿಗೆ ತೇಜಮಾಯಾ ನೀರು ಕೊಟ್ಟು ಕಳಿಸಿದಳು. ಅಳಲಿಲ್ಲ. ಒಲೆ ಹಚ್ಚದ ಮನೆಯಲ್ಲಿ ಕೂತು ಒಂದೇ ಮಾತು ಹಿಡಿದುಕೊಂಡಳು. ಯಾವ ಬಾಯಿ ಪಾತ್ರೆಯವನು ಎಂದಿತೋ ಅದೇ ಬಾಯಿ, ಅದೇ ಮುದುಕಿಯ ಎದುರು, ಅಣ್ಣ ಎನ್ನಬೇಕು. ಅಲ್ಲಿಯವರೆಗೆ ತಾನು ಸಾಯುವುದಿಲ್ಲ.

ಅವನ ಮನೆಗೆ ಹೋಗಿ ಕೂಗಾಡಬಹುದಿತ್ತು. ಕೂಗಾಡುವವಳನ್ನು ಹುಚ್ಚಿ ಎಂದು ಗೇಟಿನ ಹೊರಗೆ ತಳ್ಳುತ್ತಾರೆ. ಅವಳು ಕಾದಳು. ಕುಲದೇವರು ಅವಳ ಮನೆಯ ಅಟ್ಟದ ಮೇಲಿತ್ತು. ಬಯಲಿನಲ್ಲಿರುವ ಕಲ್ಲಿಗೆ ಪೂಜೆಯ ದಿನ ತೊಡಿಸುವ ತಾಮ್ರದ ಮುಖ ಅದು, ಜುಜುಮಾನನ ಅಜ್ಜ ಬಡಿದು ಚಿನ್ನದ ನೀರು ಕುಡಿಸಿದ್ದು. ಅದರ ಮುಂದೆ ನಿಲ್ಲಿಸದೆ ಯಾವ ಸೊಸೆಯೂ ಆ ಮನೆತನಕ್ಕೆ ಸೇರುವುದಿಲ್ಲ. ಅವನು ಬಂದೇ ಬರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ವರ್ಷದ ಸೂತಕದಲ್ಲಿ ಆ ಪೂಜೆ ನಡೆಯಲಿಲ್ಲ. ಅದು ಕಳೆದ ಚೈತ್ರದಲ್ಲಿ ಹರ್ಷಮಾನ್ ಬಂದ. ಕಿತ್ತಳೆ ಹಣ್ಣಿನ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತ.

"ಅತ್ತಿಗೆ, ಚೆನ್ನಾಗಿದ್ದೀರಾ?"

"ಕಾಣಿಸ್ತಿಲ್ವಾ? ಬಾ, ಕೂತ್ಕೊ. ಜಗಲಿ ಮೇಲೆ ಬೇಡ, ಒಳಗೇ ಕೂತ್ಕೊ."

ಅವನು ಆ ಮಾತನ್ನು ನುಂಗಿಕೊಂಡು ಕೂತ. "ಅಣ್ಣ ಹೋದಾಗ ಬರೋಕೆ ಆಗಲಿಲ್ಲ. ಸೊಂಟ..."

"ಈಗ ಬಗ್ಗುತ್ತಾ ಸೊಂಟ?"

"ಈಗ ಪರವಾಗಿಲ್ಲ."

"ಒಳ್ಳೇದು. ಬೇಕಾಗುತ್ತೆ."

ಅವನು ಬಂದ ವಿಷಯ ಹೇಳಿದ. ಬೀಗರ ಅಜ್ಜಿ ಹಟ ಹಿಡಿದಿದ್ದಾಳೆ. ಹುಡುಗಿ ಯಾವ ದೇವರ ಕೆಳಗೆ ಬರುತ್ತಾಳೋ ಆ ದೇವರನ್ನು ಕಣ್ಣಾರೆ ನೋಡದೆ ಮದುವೆಯ ದಿನ ಇಡುವುದಿಲ್ಲವಂತೆ.

"ದೇವರು ನನ್ನ ಮನೇಲಿರಬೇಕು ಅತ್ತಿಗೆ. ನ್ಯಾಯವಾಗಿ ಈಗ ಹಿರಿಯ ನಾನೇ ಅಲ್ವಾ?"

"ಯಾವ ಮನೆತನಕ್ಕೆ ಹಿರಿಯ?"

ಅವನು ತೊಲೆ ನೋಡಿದ. "ನೀವು ಹಳೇದೆಲ್ಲ ಕೆದಕಬೇಡಿ."

"ಕೆದಕಲಿಲ್ಲಪ್ಪ. ಹಿರಿಯ ನೀನೇ. ಇಲ್ಲ ಅಂದವರು ಯಾರು? ಆದರೆ ದೇವರು ಕೈ ಬದಲಾಗೋದು ವೈಶಾಖದ ಪೂಜೆ ದಿನ. ಅವತ್ತು ಬಾ. ಸಾಲಿನ ತಲೇಲಿ ಕೂತು ಹಿರಿಯನ ಪಾಲು ತಗೋ. ದೇವರನ್ನ ನಾನೇ ನಿನ್ನ ಕೈಗೆ ಕೊಡ್ತೀನಿ. ಆ ಅಜ್ಜೀನೂ ಕರ್ಕೊಂಡು ಬಾ."

ಇಷ್ಟು ಸುಲಭವಾಗುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. ಹೊರಡುವಾಗ ದನಿ ತಗ್ಗಿಸಿದ. "ಒಂದು ಮಾತು ಅತ್ತಿಗೆ. ಪಾಲು ಕೊಡುವಾಗ ನನ್ನ ಹೆಸರು ಉದ್ದಕ್ಕೆ ಕೂಗಿಸಬೇಡಿ. ಹರ್ಷಮಾನ್ ಅಂದರೆ ಸಾಕು."

"ನಿನ್ನ ಹೆಸರು ಯಾರೂ ಕೂಗಲ್ಲ," ಎಂದಳು ತೇಜಮಾಯಾ. "ಹೋಗಿ ಬಾ."

ಅದು ಸುಳ್ಳಲ್ಲ. ಆ ಮನೆತನದಲ್ಲಿ ಬಲಿ ಕೊಟ್ಟ ಆಡಿನ ತಲೆಯನ್ನು ವಯಸ್ಸಿನ ಪ್ರಕಾರ ಹಂಚುತ್ತಾರೆ. ಬಲಗಣ್ಣು ಹಿರಿಯನಿಗೆ, ಎಡಗಣ್ಣು ಅವನ ನಂತರದವನಿಗೆ, ಕಿವಿ, ನಾಲಗೆ, ದವಡೆ ಹೀಗೆ ಕೆಳಗೆ ಇಳಿಯುತ್ತದೆ. ಹಿರಿಯನ ಹೆಸರನ್ನು ಯಾರೂ ಕೂಗುವುದಿಲ್ಲ. ಹೊಸ ಹಿರಿಯ ಮೊದಲ ಸಲ ಬಲಗಣ್ಣು ತೆಗೆದುಕೊಳ್ಳುವಾಗ ಅವನೇ ಹೇಳಬೇಕು, ಇದನ್ನು ನನಗಿಂತ ಮುಂಚೆ ತಿಂದವರು ಯಾರು, ಅವರು ನನಗೆ ಏನಾಗಬೇಕು ಎಂದು. ಆ ಮಾತು ಹೇಳದೆ ಪಾಲಿಲ್ಲ, ಪಾಲು ತಿನ್ನದೆ ದೇವರಿಲ್ಲ. ಇದು ನಡೆಯುವುದು ಒಬ್ಬ ಹಿರಿಯ ಸತ್ತ ಮೇಲೆ ಮಾತ್ರ. ಅಪ್ಪನ ಪಾಲು ಅಣ್ಣನಿಗೆ ಬಂದ ದಿನ ಹರ್ಷಮಾನ್ ಭೋಜಪುರದಲ್ಲಿ ಬಟ್ಟೆ ಅಳೆಯುತ್ತಿದ್ದ. ನೋಡಿರಲಿಲ್ಲ.

ಪೂಜೆಯ ದಿನ ಅವನು ರೇಷ್ಮೆ ಕೋಟು ಹಾಕಿ, ಮಗನನ್ನೂ ಅಜ್ಜಿಯನ್ನೂ ಕಾರಿನಲ್ಲಿ ಕರೆತಂದ. ಬಯಲಿನ ಕಲ್ಲಿಗೆ ತಾಮ್ರದ ಮುಖ ತೊಡಿಸಿದ್ದರು. ಅಜ್ಜಿ ಕೈ ಮುಗಿದು ನೋಡಿದಳು. ಹರ್ಷಮಾನ್ ಕೂಡಲೇ, "ನೋಡಿದ್ದಾಯ್ತಲ್ಲ ಅಜ್ಜಿ, ಡ್ರೈವರ್ ಮನೆಗೆ ಬಿಟ್ಟು ಬರ್ತಾನೆ," ಎಂದ.

ತೇಜಮಾಯಾ ಅಡ್ಡ ಬಂದಳು. "ಬಿಸಿಲಲ್ಲಿ ಬಂದಿದ್ದೀರಿ. ಹೊರಗಿನವರು ಸಾಲಲ್ಲಿ ಕೂರೋ ಹಾಗಿಲ್ಲ, ಈ ಮಂಟಪದ ಜಗಲಿ ಮೇಲೆ ನನ್ನ ಜೊತೆ ಕೂತ್ಕೊಳ್ಳಿ. ಅವಲಕ್ಕಿ ಇದೆ, ಶುಂಠಿ ಇದೆ, ನಾನೇ ಬಟ್ಟಿ ಇಳಿಸಿದ ಅಯ್ಲಾ ಇದೆ."

"ಅಯ್ಲಾ ಎಷ್ಟು ಖಾರ?" ಎಂದಳು ಅಜ್ಜಿ.

"ಬೆಂಕಿ ತೋರಿಸಿದರೆ ಹತ್ತಿಕೊಳ್ಳುತ್ತೆ."

"ಹಾಗಾದರೆ ಒಂದು ಗುಟುಕು ಹಾಕು," ಎಂದು ಅಜ್ಜಿ ಕೂತೇ ಬಿಟ್ಟಳು. ಬಟ್ಟಲನ್ನು ತಿರುಗಿಸಿ ಅಂಚು ನೋಡಿ, ಬಯಲಿನ ತುಂಬ ಕೂತಿದ್ದ ಗಂಡಸರ ಕಪ್ಪು ಹಿಡಿದ ಉಗುರುಗಳನ್ನು ನೋಡಿದಳು.

ಸಾಲು ಕೂತಿತು. ಗ್ಯಾನುಕಾಜಿ ಎಲೆಯ ಮೇಲೆ ಬಲಗಣ್ಣು ಇಟ್ಟುಕೊಂಡು ಬಂದು ಹರ್ಷಮಾನನ ಮುಂದೆ ಮಂಡಿಯೂರಿದ. ಹರ್ಷಮಾನ್ ಕೈ ಚಾಚಿದ. ಗ್ಯಾನುಕಾಜಿ ಎಲೆ ಹಿಂದಕ್ಕೆ ಎಳೆದುಕೊಂಡ.

"ಮೊದಲು ಹೇಳಬೇಕು ಹಿರಿಯರು. ಇದನ್ನ ಹೋದ ಸಲ ತಿಂದವರು ಯಾರು?"

"ಏನು?"

"ಇದನ್ನ ತಿಂದವರು ಯಾರು, ನಿಮಗೆ ಏನಾಗಬೇಕು. ಜೋರಾಗಿ ಹೇಳಿ. ಕೊನೇಲಿ ಕೂತಿರೋ ಹುಡುಗನಿಗೆ ಕಿವಿ ಮಂದ."

ಯಾರೋ ನಕ್ಕರು. ಹರ್ಷಮಾನ್ ಜಗಲಿಯ ಕಡೆ ನೋಡಿದ. ತೇಜಮಾಯಾ ಅವನನ್ನೇ ನೋಡುತ್ತಿದ್ದಳು. ಆಗ ಅವನಿಗೆ ಎಲ್ಲ ತಿಳಿಯಿತು.

"ಆಮೇಲೆ ಹೇಳ್ತೀನಿ," ಎಂದ.

"ಆಮೇಲೆ ಅನ್ನೋದಿಲ್ಲ. ಬೇಡದಿದ್ದರೆ ಎದ್ದುಬಿಡಿ. ಪಾಲು ನನಗೆ ಬರುತ್ತೆ, ದೇವರೂ ನನ್ನ ಮನೆಗೆ ಬರುತ್ತೆ. ನನಗೇನೂ ಭಾರ ಅಲ್ಲ."

ಎದ್ದರೆ ಮಗನಿಗೆ ಕುಲದೇವರಿಲ್ಲ. ಅಜ್ಜಿ ಹುಡುಗಿ ಕೊಡುವುದಿಲ್ಲ. ಕೂತರೆ ಬಾಯಿ ಬಿಡಬೇಕು. ಅವನು ಕೋಟಿನ ಗುಂಡಿ ತಿರುವುತ್ತ ಕೂತ. ಕಾಗೆಗಳು ಬಲಿಯ ಜಾಗದಲ್ಲಿ ಕಿತ್ತಾಡುತ್ತಿದ್ದವು.

"ಜುಜುಮಾನ್," ಎಂದ ಕೊನೆಗೆ.

"ಯಾವ ಜುಜುಮಾನ್?"

"ಜುಜುಮಾನ್ ತಾಮ್ರಕಾರ."

"ನಿಮಗೆ ಏನಾಗಬೇಕು?"

"ಅಣ್ಣ."

"ಕೇಳಿಸಲಿಲ್ಲ," ಎಂದಳು ಜಗಲಿಯಿಂದ ತೇಜಮಾಯಾ.

"ನನ್ನ ಅಣ್ಣ. ಒಡಹುಟ್ಟಿದ ಅಣ್ಣ."

ಗ್ಯಾನುಕಾಜಿ ಎಲೆ ಅವನ ಕೈಗಿಟ್ಟ. ಅಜ್ಜಿ ಬಟ್ಟಲು ಕೆಳಗಿಟ್ಟಳು. ತೇಜಮಾಯಾಳ ಮುಖವನ್ನು ಹತ್ತಿರದಿಂದ ನೋಡಿದಳು.

"ಕಮಲದ ಎಸಳಿನ ಕೊಡ ತಂದವರು ನೀವಲ್ವಾ? ಹೊರಗೆ ಕೂತಿದ್ದವರು?"

"ನಾವೇ. ನಾನೂ, ಅವನು ಈಗ ಹೇಳಿದ ಹೆಸರಿನವರೂ."

"ಎಲ್ಲಿ ಅವರು?"

"ಅದೇ ಚಳಿಗಾಲದಲ್ಲಿ ಹೋದರು. ಈ ತಮ್ಮ ಬಿಳಿ ಉಡಲಿಲ್ಲ. ನಿಮ್ಮನೇಲಿ ಊಟ ಇತ್ತಂತೆ."

ಅಜ್ಜಿ ಕೋಲೂರಿ ಎದ್ದಳು. ಸಾಲಿನ ತಲೆಯವರೆಗೆ ನಡೆದು ಹರ್ಷಮಾನನ ಎದುರು ನಿಂತಳು.

"ತಾಮ್ರಕಾರ ಅಂದಿದ್ದರೆ ನಾನು ಹುಡುಗಿ ಕೊಡ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಒಡಹುಟ್ಟಿದ ಅಣ್ಣನ್ನ ಚಪ್ಪಲಿ ಪಕ್ಕ ಕೂರಿಸಿದವನಿಗೆ ನಾನು ನಾಯಿಮರೀನೂ ಕೊಡಲ್ಲ. ಸೂತಕದ ಕೈಲಿ ನನ್ನ ಮನೆ ಅನ್ನ ಮುಟ್ಟಿದೆಯಲ್ಲೋ." ಪಕ್ಕದಲ್ಲಿ ತಲೆ ತಗ್ಗಿಸಿದ್ದ ಮಗನನ್ನು ನೋಡಿ, "ನೀನು ಬಾ, ನನ್ನನ್ನ ಮನೆಗೆ ಬಿಡು. ಹುಡುಗಿಗೆ ಎಲ್ಲ ನೀನೇ ಹೇಳು. ಅವಳು ಏನು ಹೇಳ್ತಾಳೋ ನೋಡೋಣ," ಎಂದಳು. ಹುಡುಗ ಅಪ್ಪನನ್ನು ಕೇಳದೆ ಎದ್ದು ಹೋದ.

ಹರ್ಷಮಾನ್ ಎಲೆ ಹಿಡಿದುಕೊಂಡೇ ಕೂತಿದ್ದ. ತೇಜಮಾಯಾ ಅವನ ಮುಂದೆ ಬಂದು ನಿಂತಳು.

"ತೃಪ್ತಿ ಆಯ್ತಾ ಅತ್ತಿಗೆ?"

"ಇನ್ನೂ ಇಲ್ಲ. ತಿನ್ನು."

ಅವನು ತಿಂದ. ನುಂಗುವವರೆಗೂ ಅವಳು ಅವನ ಗಂಟಲನ್ನು ನೋಡಿದಳು. ಜುಜುಮಾನ್ ಇದ್ದಿದ್ದರೆ ಬಿಟ್ಟುಬಿಡೆ ಎನ್ನುತ್ತಿದ್ದ. ಅವನು ಇರಲಿಲ್ಲ. ಇಲ್ಲದವನ ಮಾತು ಕೇಳಬೇಕಾಗಿರಲಿಲ್ಲ.

ಕಲ್ಲಿನಿಂದ ತಾಮ್ರದ ಮುಖ ಬಿಚ್ಚಿ, ಕೆಂಪು ಬಟ್ಟೆಯಲ್ಲಿ ಸುತ್ತಿ ತಂದು ಅವನ ತೊಡೆಯ ಮೇಲಿಟ್ಟಳು.

"ತಗೊಂಡು ಹೋಗು. ಕೊಡ್ತೀನಿ ಅಂದಿದ್ದೆ, ಕೊಟ್ಟಿದ್ದೀನಿ. ಇನ್ನು ಮೇಲೆ ಪ್ರತಿ ವೈಶಾಖ ಹಿರಿಯನ ಮನೆಯಿಂದ ದೇವರು ಹೊರಡಬೇಕಲ್ಲ? ಓಣಿ ಪೂರ್ತಿ ಬರ್ತೀವಿ, ಡೋಲು ತಾಳ ಹೊಡೆದುಕೊಂಡು ಸೇತುವೆ ದಾಟಿ, ನಿನ್ನ ಗೇಟಿನವರೆಗೂ."

ಅವನು ಕೆಂಪು ಬಟ್ಟೆಯ ಅಂಚು ಮಡಿಸಿದ.

"ಗೇಟಿನ ಮೇಲೆ ಹಿತ್ತಾಳೆ ಹಲಗೆ ಹಾಕಿಸಿದ್ದೀಯಂತಲ್ಲ, ಶ್ರೇಷ್ಠ ನಿವಾಸ ಅಂತ. ಕಪ್ಪು ಹಿಡಿದಿರುತ್ತೆ. ಬರುವಾಗ ಹುಳಿ ಬೂದಿ ತರ್ತೀನಿ, ಉಜ್ಜಿ ಕೊಡ್ತೀನಿ. ಹಳಬರಲ್ವಾ ನಾವು?"

ಅಷ್ಟು ಹೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೇಜಮಾಯಾ ಉಳಿದವರಿಗೆ ಅಯ್ಲಾ ಬಗ್ಗಿಸಲು ಹೋದಳು.