ಶಿಖರಕ್ಕೆ ಬೆನ್ನು ಮಾಡಿ

ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಎಂಜಿನಿಯರ್‌ಗೆ ಕೂತು ಗೊತ್ತಿರಲಿಲ್ಲ. ಅಲ್ಲಿಯವರು ಆರಾಮಾಗಿ ಕೂತು ಹರಟುವ ಫಿಕಾ ವಿರಾಮದ ಕಾಫಿಯನ್ನೂ ನಿಂತೇ ಕುಡಿದು, “ಹೊರಡೋಣ್ವಾ ಸರ್?” ಎನ್ನುತ್ತಿದ್ದರು. ದಿನವೂ ಐದಕ್ಕೇ ಏಳುವ ನನಗೂ ಅವರ ಅವಸರ ಹೆಚ್ಚೆನಿಸುತ್ತಿತ್ತು.

ಒಂದು ಈಸ್ಟರ್ ರಜೆಗೆ ನನ್ನನ್ನು ಉತ್ತರದ ಬೆಟ್ಟದ ಹಳ್ಳಿಗೆ ಕರೆದೊಯ್ದರು. ಮೋಡ ಕವಿದು ಅವರು ಎರಡು ಸಲ ತುದಿ ಮುಟ್ಟದೆ ಮರಳಿದ್ದ ಶಿಖರ ಅಂದು ಬಿಸಿಲಲ್ಲಿ ಹೊಳೆಯುತ್ತಿತ್ತು. ಹತ್ತುತ್ತಾ ಹೋಗಿ, ತುದಿಗೆ ಇನ್ನು ಅರ್ಧ ಗಂಟೆಯ ದಾರಿ ಇರುವಾಗ ನನ್ನ ಮೊಣಕಾಲು ಕೈಕೊಟ್ಟಿತು.

“ನೀವು ಹೋಗಿ ಬನ್ನಿ,” ಎಂದೆ.

“ನಿಮ್ಮನ್ನ ಇಲ್ಲಿ ಬಿಟ್ಟು ಹೋದ್ರೆ ಮನೇಲಿ ಮೇಡಂ ನನ್ನ ಸುಮ್ನೆ ಬಿಡ್ತಾರಾ?”

ಅಲ್ಲಿಯವರು ಬಿಸಿಲು ಕಾಯಿಸಿಕೊಳ್ಳಲು ಮಾಡುವ ಹಾಗೆ ಹಿಮದಲ್ಲಿ ಬಿಸಿಲಿಗೆದುರಾಗಿ ಗುಳಿ ತೋಡಿ, ನನ್ನನ್ನು ಕೂರಿಸಿ, ತಾವೂ ಕೂತು ಕಿತ್ತಳೆ ಸುಲಿದರು. ಅವರ ಬೂಟು ಮಾತ್ರ ಹಿಮವನ್ನು ಕುಟ್ಟುತ್ತಲೇ ಇತ್ತು. ನನಗೇ ತಡೆಯಲಾಗಲಿಲ್ಲ.

“ಹೊರಡೋಣ್ವಾ?” ಎಂದೆ.

“ಕೂತ್ಕೊಳ್ಳಿ ಸರ್,” ಎಂದರು, ಶಿಖರದ ಕಡೆ ತಿರುಗದೆ. “ಬಿಸಿಲು ಚೆನ್ನಾಗಿದೆ.”