ಅಂಟು ಹಚ್ಚಿದ ರೆಕ್ಕೆ

ಭಕ್ತ ಬಾಂಧವರೇ, ನಾನು ಕಿನ್ನಾಳದಲ್ಲಿ ಗೊಂಬೆ ಮಾಡುವವನು. ತಾಯಿ ದ್ಯಾಮವ್ವನ ಕೃಪೆ ಹೇಳುವ ಮೊದಲು ನನ್ನ ಪಾಪ ಹೇಳಿಬಿಡುತ್ತೇನೆ.

ಕಳೆದ ಕಾರಹುಣ್ಣಿಮೆಯ ಮರುದಿನ, ಗಾಳಿಪಟದ ದಾರಕ್ಕೆ ಸಿಕ್ಕು ರೆಕ್ಕೆ ಮುರಿದ ಗರುಡ ಪಕ್ಷಿಯೊಂದು ನಮ್ಮ ಅಂಗಳದಲ್ಲಿ ಬಿತ್ತು. ಮೂವತ್ತು ವರ್ಷ ಕಟ್ಟಿಗೆಯಲ್ಲಿ ಗರುಡನನ್ನು ಕೆತ್ತಿದವನು ನಾನು. ದೇವರೇ ಮನೆಗೆ ಬಂದನೆಂದು ಹಿಗ್ಗಿದೆ.

"ಕೊಪ್ಪಳದ ದನದ ದವಾಖಾನಿಗೆ ಒಯ್ರಿ," ಎಂದಳು ಹೆಂಡತಿ ಶಾಂತವ್ವ.

"ಗರುಡನ ರೆಕ್ಕಿ ನನಗಿಂತ ಛಲೋ ಯಾರಿಗೆ ಗೊತ್ತೈತಿ?" ಎಂದೆ.

ಗೊಂಬೆಯ ಮುರಿದ ಕೈ ಕೂಡಿಸುವಂತೆ, ಹುಣಸೆ ಬೀಜದ ಅಂಟಿನಲ್ಲಿ ಗೋಣಿನಾರು ಕಲಸಿ ರೆಕ್ಕೆಗೆ ಮೆತ್ತಿ ಬಿಗಿದೆ. ಕೊಕ್ಕು ತೆರೆದು ದ್ಯಾಮವ್ವನ ಗುಡಿಯ ತೀರ್ಥವನ್ನೂ ಹಾಕಿದೆ.

ಮೂರನೇ ದಿನ ಅಂಟು ಕಲ್ಲಾಗಿತ್ತು, ಹಕ್ಕಿ ತಲೆ ಎತ್ತಲಿಲ್ಲ. ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಓಡಿದೆ.

"ಇದು ಕಟ್ಟಿಗಿ ಅಲ್ರಿ ಯಜಮಾನ್ರ, ಒಳಗ ರಕ್ತ ಓಡತೈತಿ. ರೆಕ್ಕಿ ಕೊಳತೈತಿ. ನೀರೂ ಉಸಿರಿನ ನಾಳಕ್ಕ ಇಳದೈತಿ," ಎಂದರು ಡಾಕ್ಟರು. ನನ್ನ ಕಣ್ಣೆದುರೇ ಅದು ಪ್ರಾಣ ಬಿಟ್ಟಿತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಕುಂಚ ಹಿಡಿದರೂ ಗೊಂಬೆಗೆ ತಾಗಿಸಲಾಗದೆ ಕೆಳಗಿಡುತ್ತಿದ್ದೆ. ಗೊಂಬೆಗೆ ಕಣ್ಣು ಬರೆಯುವುದು ಕೊನೆಯ ಕೆಲಸ. ಉಳಿದೆಲ್ಲ ಮುಗಿದ ಗರುಡನೊಬ್ಬ ಕಣ್ಣಿಲ್ಲದೆ ಮೂಲೆಯಲ್ಲಿ ನಿಂತುಬಿಟ್ಟ. ಪ್ರತಿ ಮಂಗಳವಾರ ಗುಡಿಯಲ್ಲಿ ಅತ್ತು ಬೇಡಿಕೊಂಡೆ: "ಅವ್ವಾ, ಈ ಕೈಲೆ ಒಂದ ಜೀವ ಉಳಸು. ಇಲ್ಲಾ, ಈ ಕೈನ ತಗೋ."

ಸಂಕಟ ತಡೆಯದೆ ಬಸ್ಸಿನಲ್ಲಿ, ಸಂತೆಯಲ್ಲಿ, ಸಿಕ್ಕವರಿಗೆಲ್ಲ ನನ್ನ ತಪ್ಪು ಹೇಳತೊಡಗಿದೆ. ಅಂಟು ಹಚ್ಚಬೇಡಿ, ನೀರು ಹಾಕಬೇಡಿ, ತೂತಿನ ಡಬ್ಬಿಯಲ್ಲಿಟ್ಟು ಬಟ್ಟೆ ಮುಚ್ಚಿ ದವಾಖಾನೆಗೆ ಒಯ್ಯಿರಿ ಎಂದೆ. ಜನ ನಕ್ಕರು. 'ಹಕ್ಕಿ ಮುದುಕ' ಎಂದು ಹೆಸರೂ ಬಿತ್ತು.

ದೀಪಾವಳಿ ಕಳೆದ ಮೇಲೆ, ಕುಕನೂರಿನಲ್ಲಿ ಬಾಳೆಹಣ್ಣು ಮಾರುವ ಹುಸೇನಬಿ ರಟ್ಟಿನ ಡಬ್ಬಿ ಎದೆಗವಚಿಕೊಂಡು, ಹಕ್ಕಿ ಮುದುಕನ ಮನೆ ಎಲ್ಲೆಂದು ಕೇಳುತ್ತ ನಮ್ಮ ಮನೆಗೆ ಬಂದಳು. ಒಳಗೆ ತಂತಿಗೆ ಬಡಿದು ಗಾಯಗೊಂಡ ಗೂಬೆ.

"ಅಪಶಕುನ ಅಂತ ಮಂದಿ ಹೊಡ್ಯಾಕ ಕಲ್ಲ ತಗೊಂಡಿದ್ರು, ನಾ ಬಿಡಿಸಿಕೊಂಡ ಬಂದೆ. ನೀರ ಹಾಕಿಲ್ರಿ ಅಣ್ಣಾ, ಅಂಟೂ ಹಚ್ಚಿಲ್ಲ. ಸಂತ್ಯಾಗ ನೀವ ಹೇಳಿದ್ರಲ್ರಿ!"

ಡಬ್ಬಿ ತೆರೆಯಲು ಕೈ ಹಾತೊರೆಯಿತು. ತೆರೆಯಲಿಲ್ಲ. ಬಸ್ಸಿನಲ್ಲಿ ಕೊಪ್ಪಳದವರೆಗೂ ತೊಡೆಯ ಮೇಲಿಟ್ಟುಕೊಂಡು ಕೈ ಮುಗಿದೇ ಕೂತಿದ್ದೆ. ಕೆಲ ವಾರಗಳ ನಂತರ ಡಾಕ್ಟರು ಒಂದು ಮುಸ್ಸಂಜೆ ಗುಣವಾದ ಗೂಬೆಯನ್ನು ನಮ್ಮಿಬ್ಬರ ಎದುರೇ ಹೊಲದಲ್ಲಿ ಬಿಟ್ಟರು. ಅದು ಹಾರಿತು. ಹುಸೇನಬಿ ಅತ್ತಳು, ನಾನೂ ಅತ್ತೆ.

ಏನೂ ಮಾಡದೆ ಕೂತ ಕೈಯಿಂದಲೇ ಅವ್ವ ಜೀವ ಉಳಿಸಿದ್ದಳು. ಮರುದಿನ ಮೂಲೆಯ ಗರುಡನಿಗೆ ಒಂದೇ ಕೂರಿಗೆಯಲ್ಲಿ ಕಣ್ಣು ಬರೆದೆ. ಮುಗಿಸಿ ನೋಡಿದರೆ ಅದು ಅಂಗಳದಲ್ಲಿ ಮೂರು ದಿನ ನನ್ನನ್ನೇ ನಂಬಿ ನೋಡುತ್ತಿದ್ದ ಆ ಹಕ್ಕಿಯ ಕಣ್ಣು. ಆ ಗೊಂಬೆಯನ್ನು ಮಾರಲಾಗಲಿಲ್ಲ. ಅವ್ವನ ಪಾದದ ಬಳಿ ಇಟ್ಟು ಬಂದಿದ್ದೇನೆ.