ಪೈನ್ ಕಾಡಿನ ಬೀಗದ ಕೈ

ಕೆಲವರಿಗೆ ಇನ್ನೊಬ್ಬರ ಚಿನ್ನ ಕಂಡರೆ ಹೊಟ್ಟೆ ಉರಿಯುತ್ತದೆ, ಕೆಲವರಿಗೆ ಮನೆ ಕಂಡರೆ. ನನಗೆ ಉರಿದದ್ದು ಹಳೇ ಶೆಡ್ಡೊಂದರ ಬೀಗದ ಕೈಗಾಗಿ, ಅದೂ ಸ್ವಂತ ವಾರಗಿತ್ತಿಯ ಮೇಲೆ. ಎರಡು ಸಾವಿರದ ಹದಿನೈದರ ಆಸುಪಾಸಿನ ಮಾತಿದು. ಆಗ ನಾವು ಲಂಡನ್ನಿನ ಹೇಸ್‌ನಲ್ಲಿ ಬಾಡಿಗೆಗಿದ್ದೆವು. ಗಂಡನದು ರೆಸ್ಟೊರೆಂಟ್ ಕೆಲಸ. ಭಾನುವಾರ ಅವರಿಗೆ ಉಸಿರಾಡಲು ಪುರುಸೊತ್ತಿಲ್ಲ, ನನಗೆ ಹೊತ್ತು ಹೋಗುವುದಿಲ್ಲ. ಲೈಬ್ರರಿಯ ಗೋಡೆಗೆ ಅಂಟಿಸಿದ್ದ ಚೀಟಿ ನೋಡಿ, ಲಂಡನ್ನಿನ ದಕ್ಷಿಣದ ಅಂಚಿನಲ್ಲಿದ್ದ ಪೈನ್ ಕಾಡೊಂದನ್ನು ಸರಿಪಡಿಸುವ ಸ್ವಯಂಸೇವಕರ ತಂಡಕ್ಕೆ ಸೇರಿದ್ದೆ.

ಮೊದಲ ದಿನವೇ ಕೈಗೆ ಗರಗಸ ಕೊಟ್ಟರು. ಕಾಡು ಉಳಿಸಲು ಬಂದವಳ ಕೈಗೆ ಗರಗಸ ಕೊಡುತ್ತಾರಲ್ಲ, ಇವರಿಗೆ ತಲೆ ನೆಟ್ಟಗಿದೆಯೇ ಎಂದುಕೊಂಡೆ. ಆಮೇಲೆ ತಿಳಿಯಿತು. ಅದು ನೀರು ನಿಲ್ಲದ ಒಣ ಮರಳು ನೆಲ. ಹಿಂದೆ ಅಲ್ಲಿ ದೂರದೂರಕ್ಕೆ ಒಂದೊಂದು ಪೈನ್ ಮರ, ನಡುವೆ ಬಯಲು, ಬಯಲಿನ ತುಂಬ ನೇರಳೆ ಹೂ ಬಿಡುವ ಹೆದರ್ ಎಂಬ ಗಿಡ್ಡ ಪೊದೆ ಇತ್ತಂತೆ. ದನ ಮೇಯುವುದು ನಿಂತ ಮೇಲೆ ಪೈನ್ ಸಸಿಗಳು ಒತ್ತೊತ್ತಾಗಿ ಎದ್ದು ನೆಲಕ್ಕೆ ಬಿಸಿಲೇ ಬೀಳದಂತೆ ಮಾಡಿದ್ದವು. ಉದುರಿದ ಸೂಜಿಯೆಲೆ ಹಾಸಿಗೆಯಂತೆ ಕೂತು ಹೆದರ್ ಸತ್ತುಹೋಗಿತ್ತು. ಅದರ ಬೀಜ ಮಾತ್ರ ಮರಳಿನಡಿ ಇನ್ನೂ ಜೀವ ಹಿಡಿದುಕೊಂಡಿತ್ತು. ಹೆಚ್ಚಾದ ಮರ ಕಡಿದು, ಎಲೆ ಗುಡಿಸಿ ತೆಗೆದು, ಮರಳಿಗೆ ಬಿಸಿಲು ತೋರಿಸಿದರೆ ಅದು ಮತ್ತೆ ಏಳುತ್ತದೆ ಎಂಬ ನಂಬಿಕೆಯಲ್ಲಿ ನಾವು ಕೆಲಸ ಮಾಡುತ್ತಿದ್ದೆವು.

ಗರಗಸ ನನಗೆ ಒಗ್ಗಲಿಲ್ಲ, ಗುಡಿಸುವುದು ಒಗ್ಗಿತು. ಕುಂದಾಪುರದ ಕಡೆ ಹುಡುಗಿಯರಾಗಿದ್ದಾಗ ನಾವು ಊರ ಪಕ್ಕದ ಕುರುಚಲು ಕಾಡಿಗೆ, ನಮ್ಮ ಮಾತಿನಲ್ಲಿ ಹಾಡಿಗೆ, ಹೋಗಿ ತರಗೆಲೆ ಗುಡಿಸಿ, ಹೆಡಿಗೆಯಲ್ಲಿ ತುಳಿದು ತುಂಬಿ, ತಲೆಯ ಮೇಲೆ ಹೊತ್ತು ತಂದು ದನದ ಹಟ್ಟಿಗೆ ಹಾಕಿದವರು. ಆ ಕೈ ಮರೆತಿರಲಿಲ್ಲ. ತಂಡದ ಮುಂದಾಳು ವಯಸ್ಸಾದ ಇಂಗ್ಲಿಷ್ ಹೆಂಗಸು, ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. ನಾನು ಗುಡಿಸಿದ ಜಾಗದ ಮುಂದೆ ನಿಂತು ಅವರು ಉಳಿದವರನ್ನು ಕರೆದು ತೋರಿಸಿದರು. ಅಡುಗೆ ಬಿಟ್ಟು ಬೇರೆ ಯಾವುದಕ್ಕಾದರೂ ಈ ದೇಶದಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು. ಆ ವಾರವಿಡೀ ನೆಲದ ಮೇಲೆ ಕಾಲಿರಲಿಲ್ಲ.

ಹೀಗೇ ಎರಡು ವರ್ಷ ಕಳೆಯಿತು. ಅಜ್ಜಿಗೆ ಮಂಡಿನೋವು. ಬರುವ ಬೇಸಿಗೆ ಕಳೆದ ಮೇಲೆ ತಾನು ಬಿಡುವುದಾಗಿಯೂ, ಸಲಕರಣೆಯ ಶೆಡ್ಡಿನ ಬೀಗದ ಕೈಯನ್ನು ನಮ್ಮಲ್ಲೇ ಒಬ್ಬರಿಗೆ ಕೊಡುವುದಾಗಿಯೂ ಹೇಳಿದರು. ಬೀಗದ ಕೈ ಇದ್ದವರೇ ಮುಂದಾಳು. ಯಾವ ಮರ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ಅವರ ಮಾತು. ನನಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅಕ್ಕಿ ಆರಿಸುವಾಗಲೂ ಅದೇ ಯೋಚನೆ. ಮನೆ ಬಾಡಿಗೆಯದು, ದೇಶ ಬೇರೆಯವರದು, ಅದೊಂದು ತುಂಡು ಮರಳು ನೆಲದ ಮೇಲಾದರೂ ನನ್ನ ಮಾತು ನಡೆಯಲಿ ಎಂಬ ಆಸೆ.

ಸರಿಯಾಗಿ ಆಗಲೇ ಮೈದುನ ಬೆಂಗಳೂರಿನ ಹುಡುಗಿಯನ್ನು ಮದುವೆಯಾಗಿ ಕೊಲಿಂಡೇಲ್‌ನ ಹೊಸ ಫ್ಲ್ಯಾಟಿಗೆ ಕರೆತಂದ.

ಗಂಡ ಫೋನಿನಲ್ಲಿ ತಮ್ಮನ ಹತ್ತಿರ ಮಾತಾಡಿ ಮುಗಿಸಿ ನನ್ನ ಕಡೆ ತಿರುಗಿದರು. “ಪಾಪ, ಒಬ್ಳೇ ಕೂತ್ಕಂಡ್ ಬೇಜಾರ್ ಆತ್ತಂಬ್ರ್. ನಿನ್ನೊಟ್ಟಿಗೆ ಕಾಡಿಗೆ ಕರ್ಕಂಡ್ ಹೋಗ್.”

ಕರೆದುಕೊಂಡು ಹೋದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಅವಳು ಬಂದ ದಿನವೇ ಎಲ್ಲರಿಗೂ ಬೇಕಾದವಳಾದಳು. ಅವರ ಜೋಕಿಗೆ ಸರಿಯಾದ ಜಾಗದಲ್ಲಿ ನಗುತ್ತಿದ್ದಳು. ನಾನು ಜೋಕು ಅರ್ಥವಾಗಿ ನಗುವಷ್ಟರಲ್ಲಿ ಅವರು ಮರ ಎಳೆಯುತ್ತಿರುತ್ತಿದ್ದರು. ಅವಳು ತಂದ ಕೋಡುಬಳೆಗೆ ಜನ ಸಾಲು ನಿಂತರು. ನಾನು ಎರಡು ಚಳಿಗಾಲ ಚಕ್ಕುಲಿ ತಂದಿದ್ದೆ, ಅದು ಯಾರಿಗೂ ನೆನಪಿರಲಿಲ್ಲ. ಎಲ್ಲಕ್ಕಿಂತ ಮೈ ಉರಿದದ್ದು ಬೇರೆ. ಅವಳು ನನ್ನನ್ನು ಅಕ್ಕ ಎನ್ನುವುದು ಕೇಳಿ ಕೇಳಿ, ಎಪ್ಪತ್ತು ದಾಟಿದ ಗಂಡಸರೂ ನನ್ನನ್ನು ಅಕ್ಕ ಎನ್ನತೊಡಗಿದರು. ಎರಡು ವರ್ಷ ನನ್ನ ಹೆಸರು ಉಚ್ಚರಿಸಲು ಒದ್ದಾಡಿದವರು ಅವಳು ಕೊಟ್ಟ ಹೆಸರನ್ನು ಒಂದೇ ದಿನದಲ್ಲಿ ಕಲಿತರು.

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ತುಂಡು ನೆಲ ಇತ್ತು. ಅವಳಿಗೆ ನನ್ನ ಪಕ್ಕದ್ದೇ ಸಿಕ್ಕಿತು. ವಸಂತದಲ್ಲಿ ನನ್ನ ಮರಳಿನಲ್ಲಿ ಹೆದರ್ ಮೊಳಕೆ ಕಾಣಿಸಿತು, ಸಾಸಿವೆಯಷ್ಟು ಹಸಿರು. ಅವಳದು ಬೋಳಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮುಂದಿನ ಭಾನುವಾರ ನೋಡುತ್ತೇನೆ, ಅವಳು ಬ್ಯಾಗಿನಿಂದ ದೊಡ್ಡ ಬಾಟಲಿ ತೆಗೆದು ಬೆಳ್ಳಗಿನ ನೀರನ್ನು ತನ್ನ ಮರಳಿಗೆ ಸುರಿಯುತ್ತಿದ್ದಾಳೆ.

“ಎಂತ ಮಾಡ್ತಿದ್ದೆ ಮಾರಾಯ್ತಿ?” ಎಂದು ಕೂಗಿದೆ.

“ಅಕ್ಕಿ ತೊಳೆದಿದ್ ನೀರು ಅಕ್ಕ, ಅಷ್ಟೆ. ನಮ್ಮಮ್ಮ ದಾಸವಾಳಕ್ಕೆ ಹಾಕ್ತಿದ್ರು, ಹೆಂಗ್ ಬರ್ತಿತ್ತು ಗೊತ್ತಾ?”

“ಇದೆಂತ ನಿನ್ನ ಅಮ್ಮನ ದಾಸವಾಳವಾ? ಈ ನೆಲ ಬಡವಾಗಿಯೇ ಇರಬೇಕು. ಸಾರ ಸೇರಿದರೆ ಹುಲ್ಲು ಬರ್ತದೆ, ಅದರಡಿ ಹೆದರ್ ಸಾಯ್ತದೆ. ನಾವು ಎಲೆ ಗುಡಿಸಿ ಹೊರಗೆ ಹಾಕುದು ಮತ್ತೆ ಎಂತಕ್ಕೆ?”

ನಾನು ಹೇಳಿದ್ದು ಅಕ್ಷರಶಃ ಸರಿ. ಆದರೆ ಕನ್ನಡ ಬಾರದ ಆ ಜನಕ್ಕೆ ಕಂಡದ್ದು ನನ್ನ ಸಿಟ್ಟಿನ ಮುಖ ಮಾತ್ರ. ಅಜ್ಜಿ ಕುಂಟುತ್ತ ಬಂದು ವಿಷಯ ಕೇಳಿ, ಅಕ್ಕ ಹೇಳುವುದು ನಿಜ, ಒಂದು ಬಾಟಲಿಯಿಂದ ಏನೂ ಕೆಡುವುದಿಲ್ಲ, ಇನ್ನು ಮುಂದೆ ಬೇಡ ಎಂದರು. ವಾರಗಿತ್ತಿ ಎರಡೂ ಕೆನ್ನೆ ಮುಟ್ಟಿಕೊಂಡು ತಪ್ಪಾಯಿತು ಎಂದಳು. ಇದೇನು ಕೆನ್ನೆ ಮುಟ್ಟಿಕೊಳ್ಳುವುದು ಎಂದು ಕೇಳಿ ತಿಳಿದುಕೊಂಡು ಎಲ್ಲರೂ ತಾವೂ ಮುಟ್ಟಿಕೊಂಡು ನಕ್ಕರು. ತಪ್ಪು ಮಾಡಿದವಳು ಮುದ್ದಿನವಳಾದಳು, ಸರಿ ಹೇಳಿದವಳು ಎಲೆ ಎಳೆಯುವ ಕುಂಟೆ ಹಿಡಿದು ಒಂಟಿಯಾಗಿ ನಿಂತಳು. ಬೀಗದ ಕೈ ಇನ್ನು ನನ್ನದಲ್ಲ ಎಂದು ಅಲ್ಲೇ ಗೊತ್ತಾಯಿತು. ಆ ಬೇಸಿಗೆ ಪೂರ್ತಿ ನಾನು ಅವಳೊಡನೆ ಬೇಕಾದಷ್ಟೇ ಮಾತಾಡಿದೆ.

ಬೇಸಿಗೆ ಮುಗಿದು, ಹಿಂದೆಯೇ ತೆರವು ಮಾಡಿದ್ದ ಕಡೆಯ ಹೆದರ್ ಹೂ ಬಾಡುವ ಹೊತ್ತಿಗೆ ಅಜ್ಜಿ ಎಲ್ಲರನ್ನೂ ಶೆಡ್ಡಿನ ಮುಂದೆ ಸೇರಿಸಿದರು. ನಾನು ಹಿಂದೆ ನಿಂತಿದ್ದೆ. ಅವಳ ಹೆಸರು ಕರೆದಾಗ ಮುಖ ಹೇಗೆ ಇಟ್ಟುಕೊಳ್ಳಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ಅಭ್ಯಾಸ ಮಾಡಿಕೊಂಡಿದ್ದೆ. ಅಜ್ಜಿ ಕರೆದದ್ದು ಅಕ್ಕ ಎಂದು. ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ನನ್ನ ಕಣ್ಣಲ್ಲಿ ನೀರು ಬಂತು. ಅಜ್ಜಿ ನನ್ನ ಭುಜ ಹಿಡಿದು, ಪ್ರೀತಿಯಿಂದಲೇ ಕಿವಿಯ ಹತ್ತಿರ ಹೇಳಿದರು, “ಮೊದಲು ನಿನ್ನ ತಂಗಿಯನ್ನು ಕೇಳಿದ್ದೆವು. ಅವಳು ಒಪ್ಪಲೇ ಇಲ್ಲ, ಅಕ್ಕನಿಗೇ ಕೊಡಿ ಅಂದಳು.”

ಬಂದ ನೀರು ಅಲ್ಲೇ ಇಂಗಿತು.

ವಾಪಸು ಹೋಗುವಾಗ ಬಸ್ಸಿನ ಮೇಲಿನ ಅಂತಸ್ತಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಅವಳು ಕೋಡುಬಳೆ ಡಬ್ಬಿ ತೆಗೆದು ನನ್ನ ಕಡೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ಅವಳಿಗೆ ಇದೆಲ್ಲ ಆಟ, ಬೇಸರ ಕಳೆಯಲು ಬರುವವಳು, ಬೇಡವಾದದ್ದನ್ನು ನನ್ನ ಕಡೆ ದೂಡಿದ್ದಾಳೆ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಯಾಗಿತ್ತು. ಹಾಗಿದ್ದರೆ ಅವಳನ್ನು ಸಸಾರ ಮಾಡಿ ಸುಮ್ಮನಾಗಬಹುದಿತ್ತು.

“ನಿನಗೆ ಬೇಡವಿತ್ತಾ?” ಎಂದು ಕೇಳಿದೆ.

ಅವಳು ಕಿಟಕಿಯ ಕಡೆ ನೋಡಿದಳು. “ಬೇಕಿತ್ತು ಅಕ್ಕ. ತುಂಬಾನೇ ಬೇಕಿತ್ತು.”

“ಮತ್ತೆ ಎಂತಕ್ಕೆ ಬಿಟ್ಟೆ?”

“ನಿಮ್ ಮುಖ ನೋಡಕ್ಕಾಗ್ತಿರ್ಲಿಲ್ಲ ಅಕ್ಕ. ನಿಮ್ಗೆ ಅದೆಷ್ಟು ಬೇಕು ಅಂತ ಅಲ್ಲಿ ಎಲ್ರಿಗೂ ಗೊತ್ತಿತ್ತು.”

ಬೀಗದ ಕೈ ಕೋಟಿನ ಜೇಬಿನಲ್ಲಿ ನನ್ನ ಮುಷ್ಟಿಯೊಳಗಿತ್ತು. ನನಗೆ ಸಿಕ್ಕಿದ್ದನ್ನು ಅವಳು ಬಿಟ್ಟುಕೊಟ್ಟಿದ್ದಳು, ಬೇಕಿದ್ದೂ ಬಿಟ್ಟುಕೊಟ್ಟಿದ್ದಳು. ಅವಳ ಜಾಗದಲ್ಲಿ ನಾನಿದ್ದರೆ ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಅವಳ ಇಂಗ್ಲಿಷಿನ ಮೇಲೆ, ನಗುವಿನ ಮೇಲೆ ಇದ್ದ ಹೊಟ್ಟೆಕಿಚ್ಚು ಆಮೇಲೆ ಹೇಗೋ ತಣ್ಣಗಾಯಿತು. ಹಾಗೆ ಬಿಟ್ಟುಕೊಟ್ಟಳಲ್ಲ, ಅದೊಂದರ ಮೇಲಿನದು ಇವತ್ತಿಗೂ ಆರಿಲ್ಲ.